ಲಾಪಲಿಸಾದ್: ಒಂದು ಪದದ ಚರಿತ್ರೆ

ಕೇಳುಗನಿಗೆ ಹೊಸದೇನನ್ನೂ ತಿಳಿಸದ, ಹೇಳುವ ಮೊದಲೇ ಎಲ್ಲರಿಗೂ ಗೊತ್ತಿರುವ ಮಾತಿಗೆ ಫ್ರೆಂಚ್ ಭಾಷೆಯಲ್ಲಿ ‘ಲಾಪಲಿಸಾದ್’ ಎಂಬ ಹೆಸರಿದೆ. ಇದರ ಮೂಲ ಜಾಕ್ ದ ಲಾ ಪಲೀಸ್ ಎಂಬ ಸೇನಾನಿಯ ಹೆಸರು. ಮೂವರು ಅರಸರಿಗಾಗಿ ಹೋರಾಡಿದ ಈತ 1525ರಲ್ಲಿ ಪಾವಿಯಾದ ಕದನದಲ್ಲಿ ಮಡಿದನು. ಶೌರ್ಯಕ್ಕೆ ಹೆಸರಾದವನ ಅಂಕಿತನಾಮವು ಹುರುಳಿಲ್ಲದ ಮಾತಿನ ರೂಢನಾಮವಾದದ್ದು ಹೇಗೆ?

ಪ್ರಚಲಿತ ವಿವರಣೆಯಂತೆ, ಅವನ ಸ್ಮರಣೆಯ ಸಾಲೊಂದರ ಆಶಯ ಮೊದಲು ‘ಸಾಯದಿದ್ದರೆ ಇನ್ನೂ ಅಸೂಯೆ ಹುಟ್ಟಿಸುತ್ತಿದ್ದನು’ ಎಂದಿತ್ತು. ಅನಂತರ ‘ಸಾಯದಿದ್ದರೆ ಇನ್ನೂ ಬದುಕಿರುತ್ತಿದ್ದನು’ ಎಂದಾಯಿತು. ಈ ಪಲ್ಲಟದಲ್ಲಿ ಎರಡು ಹೆಜ್ಜೆಗಳಿವೆ. ‘ಅಸೂಯೆ’ ಎಂಬರ್ಥದ ‘ಆಂವಿ’, ‘ಜೀವಂತ’ ಎಂಬರ್ಥದ ‘ಆಂ ವಿ’ ಇವೆರಡೂ ಉಚ್ಚಾರಣೆಯಲ್ಲಿ ಒಂದೇ. ಇಲ್ಲಿ ಭ್ರಮೆಗೆ ಕಿವಿಯೇ ಸಾಕು. ಆದರೆ ‘ಫರೆ’ ಎಂಬ ಕ್ರಿಯಾಪದ ‘ಸರೆ’ ಆಗಲು ಕಣ್ಣು ತಪ್ಪಬೇಕು: ಹಳೆಯ ಬರವಣಿಗೆಯಲ್ಲಿ ಸಕಾರದ ಉದ್ದನೆಯ ರೂಪ ಫಕಾರದ ಅಕ್ಷರವನ್ನು ಹೋಲುತ್ತಿತ್ತು. ಆದ್ದರಿಂದ ಸೈನಿಕರ ಬಾಯಿಯಲ್ಲಿ ಹಾಡು ಕೆಟ್ಟಿತು ಎಂಬ ವಿವರಣೆಯೊಂದೇ ಸಾಲದು. ಲಿಖಿತ ಪಾಠವೊಂದನ್ನು ನಡುವೆ ಊಹಿಸಬೇಕಾಗುತ್ತದೆ.

18ನೇ ಶತಮಾನದಲ್ಲಿ ಬೆರ್ನಾರ್ ದ ಲಾ ಮೊನ್ವಾ ಇಂಥ ಮಾತುಗಳನ್ನೇ ಪೋಣಿಸಿ ವಿನೋದಗೀತೆ ರಚಿಸಿದನು. ತಪ್ಪೋದು ಅಲ್ಲಿ ಶೈಲಿಯಾಯಿತು. 19ನೇ ಶತಮಾನದಲ್ಲಿ ‘-ಆದ್’ ಪ್ರತ್ಯಯ ಸೇರಿ ನಾಮಪದ ಸಿದ್ಧವಾಯಿತು. ಗಾಸ್ಕನಿಯವರ ಹೆಸರಿನಿಂದ ಬಂದ, ಬಡಾಯಿ ಎಂಬರ್ಥದ ‘ಗಾಸ್ಕೊನಾದ್’ನಲ್ಲಿಯೂ ಇದೇ ಪ್ರತ್ಯಯವಿದೆ; ಪರಿಹಾಸದ ಛಾಯೆ ಅದರೊಡನೆ ಬಂದಿದೆ.

ಸ್ಪ್ಯಾನಿಷ್‌ನ ‘ಪೆರೊಗ್ರುಯಾದ’ ಕೂಡ ವ್ಯಕ್ತಿನಾಮಮೂಲವೇ. ಆದರೆ ಪೆರೊಗ್ರುಯೊ ಜನಪದ ಕಲ್ಪನೆಯ ವ್ಯಕ್ತಿ. ಸೆರ್ವಾಂಟಿಸ್‌ನ ‘ಡಾನ್ ಕ್ವಿಕ್ಸೋಟ್’ 2ನೇ ಭಾಗದಲ್ಲಿ (1615) ಅವನ ಉಲ್ಲೇಖವಿದೆ. ಪೆರೊಗ್ರುಯೊ ಅಂಥ ಮಾತುಗಳನ್ನು ಆಡುವವನು. ಲಾ ಪಲೀಸ್ ಅಂಥ ಮಾತನ್ನು ಆಡಲೇ ಇಲ್ಲ. ಅದನ್ನು ಆಡಿದವರು ಅವನ ಕುರಿತು ಹಾಡಿದವರು. ಪದವು ಮಾತ್ರ ಹೊಣೆಯನ್ನು ಅವನ ಹೆಸರಿಗೇ ಹೊರಿಸಿದೆ.

ಕನ್ನಡದಲ್ಲಿ ಇದನ್ನು ‘ಸ್ವಯಂಸಿದ್ಧ ಸತ್ಯ’ ಎಂದು ಅನುವಾದಿಸಿದರೆ ಅರ್ಥ ಅರ್ಧವೇ ಉಳಿಯುತ್ತದೆ. ‘ಸ್ವಯಂಸಿದ್ಧ’ ಎಂಬುದು ಸತ್ಯಕ್ಕೆ ಸಲ್ಲುವ ಗೌರವ. ಜ್ಯಾಮಿತಿಯ ಮೂಲತತ್ತ್ವಗಳಿಗೂ ಆ ವಿಶೇಷಣ ಒಪ್ಪುತ್ತದೆ. ಲಾಪಲಿಸಾದ್ ಆಕ್ಷೇಪಿಸುವುದು ಸತ್ಯವನ್ನಲ್ಲ, ಅದನ್ನು ಹೇಳುವ ಕ್ರಿಯೆಯನ್ನು. ಆಗಲೇ ಒಪ್ಪಿತವಾದುದನ್ನು ಮತ್ತೆ ಸಾಧಿಸಹೊರಡುವ ದೋಷವನ್ನು ನ್ಯಾಯಶಾಸ್ತ್ರ ‘ಸಿದ್ಧಸಾಧನ’ ಎನ್ನುತ್ತದೆ. ಅದರಲ್ಲಿ ನಗೆಯಿಲ್ಲ, ನಿಜ. ಆದರೂ ದೋಷವು ವಾಕ್ಯಾರ್ಥದಲ್ಲಿಲ್ಲ, ಉಕ್ತಿಯಲ್ಲಿದೆ ಎಂಬ ವಿವೇಕ ಎರಡಕ್ಕೂ ಸಮಾನ. ನಿಘಂಟುಕಾರರು ಸಮಾನಪದವನ್ನು ಅರಸಬೇಕಾದುದು ಆ ದಿಕ್ಕಿನಲ್ಲಿ.