ಬೇಸಿಗೆಯ ಅಜ್ಜಿ, ಒಂದೇ ಗಡಿಗೆಯ ಗಂಜಿ

ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಕೂಸುಗಳು ಅಜ್ಜ ಅಜ್ಜಿಯರ ವಶವಾಗುವ ರೂಢಿ ಶಾಲೆಯ ರಜೆಗಿಂತ ಹಳೆಯದು. ರಜೆಗೆ ಅಜ್ಜಿಮನೆಗೆ ಹೋಗುವುದು ಓದುವ ಮಕ್ಕಳ ಮಾತಾಯಿತು. ಆಗಷ್ಟೇ ಹೆಜ್ಜೆಯಿಡುವ ಮಗು ಅಜ್ಜಿಯ ಸೊಂಟವೇರಿದ್ದು ತಾಯಿಯ ದುಡಿಮೆಯಿಂದ.

ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಇಲ್ಲಿ ಮುಗಿಯಬೇಕಾದ ಕೆಲಸ ಬಹಳ. ಗದ್ದೆಗೆ ಗೊಬ್ಬರ ಹೊರಬೇಕು, ಮಳೆಗಾಲಕ್ಕೆ ಸೌದೆ ಕೂಡಿಡಬೇಕು, ಮಾಡು ಹೊದಿಸಬೇಕು, ಏಪ್ರಿಲ್–ಮೇ ತಿಂಗಳಲ್ಲಿ ಹಣ್ಣಾಗುವ ಮುರುಗಲನ್ನು ಬಿಸಿಲು ಇರುವಾಗಲೇ ಒಣಗಿಸಬೇಕು. ಕಾಲಿಗೆ ಬಲವಿದ್ದವರೆಲ್ಲ ಕಾಡು, ಗದ್ದೆಗಳಿಗೆ ಹೋದರೆ ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಕೂಸು. ಉಳಿದವರಿಗೂ ಬಿಡುವಿರಲಿಲ್ಲ. ಅಜ್ಜಿ ಹಲಸಿನ ಹಪ್ಪಳ ಒತ್ತಿ ಅಂಗಳದಲ್ಲಿ ಹರವುತ್ತಿದ್ದಳು. ಕಾಗೆಯನ್ನೂ ಮಗುವನ್ನೂ ಒಟ್ಟಿಗೆ ಕಾಯುತ್ತಿದ್ದಳು. ಎರಡರಲ್ಲಿ ಹಪ್ಪಳಕ್ಕೆ ಹೆಚ್ಚು ಅಪಾಯ ಮಗುವಿನಿಂದಲೇ.

ಇಂಥ ದಿನಗಳ ಅಡುಗೆ ಒಲೆಯ ಮೇಲೆ ತಾನಾಗಿಯೇ ಬೇಯುವಂಥದ್ದಾಗಿರಬೇಕಿತ್ತು. ಗಂಜಿ ಆ ಕೆಲಸಕ್ಕೆ ಸರಿಯಾಗಿ ಒದಗಿತು. ಕೊಂಕಣಿ ಮನೆಗಳಲ್ಲಿ ಅದೇ ಪೇಜ್. ಅಕ್ಕಿಗಿಂತ ನುಚ್ಚು ಬೇಗ ಬೇಯುತ್ತದೆ, ಹಲ್ಲು ಬಾರದ ಮಗುವಿಗೂ ಹಲ್ಲು ಹೋದ ಅಜ್ಜನಿಗೂ ಆಗುತ್ತದೆ. ತಿಳಿ ಬಸಿದು ಚಿಟಿಕೆ ಉಪ್ಪು ಹಾಕಿದರೆ ಕೂಸಿನ ಊಟ, ಉಳಿದದ್ದಕ್ಕೆ ಉಪ್ಪಿನಕಾಯಿಯೋ ಚಟ್ನಿಯೋ ಸೇರಿದರೆ ದೊಡ್ಡವರದು. ಮಗುವಿಗೆಂದು ಬೇರೆ ಒಲೆ ಹೊತ್ತಿಸುವ ಪದ್ಧತಿ ಬಹುಪಾಲು ಮನೆಗಳಲ್ಲಿ ಇರಲಿಲ್ಲ.

ಗಡಿಗೆಯ ಪಕ್ಕಕ್ಕೆ ಏನು ಬರುತ್ತಿತ್ತು ಎಂಬುದು ಸಮುದಾಯದಿಂದ ಸಮುದಾಯಕ್ಕೆ ಬೇರೆ. ಜೋಯಿಡಾದ ಕುಣಬಿಗಳು ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಹೆಸರಾದವರು. ಅಲ್ಲಿ ಗೆಡ್ಡೆ ಮೇಳವೇ ನಡೆಯುತ್ತದೆ. ಬೇಯಿಸಿ ಹಿಸುಕಿದ ಗೆಡ್ಡೆ ಮಗುವಿಗೆ ಕೊಡಲು ಸುಲಭ. ಎಮ್ಮೆ ಸಾಕುವ ಗೌಳಿಗರ ದೊಡ್ಡಿಗಳಲ್ಲಿ ಹಾಲು ಮಜ್ಜಿಗೆಗೆ ಬರವಿರಲಿಲ್ಲ. ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿಗಳ ಮನೆಯಲ್ಲಿ ಅಡುಗೆಯಾಚೆ ಅಜ್ಜಿಯ ಕೈಕೆಲಸಕ್ಕೆ ಇನ್ನೊಂದು ಹೆಸರಿದೆ: ಕವಂದಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಸುವ ಈ ಕೌದಿಯ ಮೂಲೆಗಳಿಗೆ ‘ಫೂಲ್’ ಎಂಬ ಮಡಿಕೆಯ ಹೂವು ಕೂರುತ್ತದೆ. ಕೂಸುಗಳಿಗೆಂದೇ ಚಿಕ್ಕ ಕವಂದಿಗಳಿವೆ. ಮಗು ಮಲಗಿದ ಹೊತ್ತೇ ಹೊಲಿಗೆಯ ಹೊತ್ತು.

ದಾಂಡೇಲಿ ಈ ಲೆಕ್ಕವನ್ನು ಕೆಡಿಸಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಲ್ಲಿ ಕಾಗದ ತಯಾರಿಸತೊಡಗಿತು. ಹಲವು ಭಾಷೆಗಳ ಜನ ದೂರದೂರುಗಳಿಂದ ಬಂದು ನೆಲೆಸಿದರು. ಪಾಳಿಯ ಕೆಲಸಕ್ಕೆ ಮಳೆಬಿಸಿಲಿನ ಹಂಗಿಲ್ಲ, ಕ್ವಾರ್ಟರ್ಸಿನಲ್ಲಿ ಅಜ್ಜಿಗೆ ಜಾಗವೂ ಕಡಿಮೆ. ಹೀಗೆ ಹೊರಗಿನಿಂದ ಬಂದವರ ಮಕ್ಕಳಿಗೆ ಅಜ್ಜಿಮನೆ ಬೇರೊಂದು ಊರಾಯಿತು, ಬೇಸಿಗೆ ಪ್ರಯಾಣದ ಕಾಲವಾಯಿತು. ಮುಂದೆ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಬಂದು ಸೂಪಾ ಪೇಟೆಯೂ ಹಲವು ಹಳ್ಳಿಗಳೂ ಮುಳುಗಿದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿಯಿತು, ಸಂತ್ರಸ್ತರು ರಾಮನಗರದಂಥ ಕಡೆ ಹೊಸ ಮನೆ ಹೂಡಿದರು. ಅವರ ಹಳೆಯ ಅಜ್ಜಿಮನೆಗಳು ನೀರಿನಡಿ ಉಳಿದವು.

ಮುಂಡಗೋಡದಲ್ಲಿ 1966ರಿಂದ ನೆಲೆಯೂರಿದ ಟಿಬೆಟನ್ನರಲ್ಲಿ ಋತುವೇ ತಿರುಗುಮುರುಗು. ದುಡಿಯುವವರು ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗುತ್ತಿದ್ದರಿಂದ ಅಜ್ಜಿಯರಿಗೆ ಕೈತುಂಬ ಕೆಲಸ ಬೀಳುತ್ತಿದ್ದದ್ದು ಆಗ. ಗಂಜಿಯ ಜಾಗದಲ್ಲಿ ತುಕ್ಪಾ; ಅದೂ ಒಂದೇ ಪಾತ್ರೆಯ ಊಟ. ಅವರ ಭಾಷೆಯಲ್ಲಿ ಅಜ್ಜಿಗೆ ‘ಮೊಮೊ’ ಎನ್ನುತ್ತಾರೆ. ತಿಂಡಿಯಂಗಡಿಯ ಫಲಕದಲ್ಲಿ ಅದೇ ಹೆಸರು ನೋಡಿದವರಿಗೆ ಗಲಿಬಿಲಿಯಾದರೆ ತಪ್ಪಿಲ್ಲ.

1975ರಲ್ಲಿ ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಕ್ರಮೇಣ ಈ ಹಳ್ಳಿಗಳಿಗೂ ಬಂದವು. ಆದರೆ ಅಲ್ಲಿ ಕೂತು ಉಣ್ಣುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕೂ ಚಿಕ್ಕವರ ಪಾಲಿನ ಆಹಾರ ಪೊಟ್ಟಣವಾಗಿ ಮನೆಗೆ ಹೋಗುತ್ತದೆ, ಬೇಯಿಸುವ ಕೈ ಮತ್ತೆ ಅಜ್ಜಿಯದೇ. ಉದ್ಯೋಗ ಖಾತರಿ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿದ ಮೇಲೆ, ಆ ವಯಸ್ಸಿನವರನ್ನು ಹಗಲು ನೋಡಿಕೊಳ್ಳುವ ಹೊಣೆಯಲ್ಲಿ ಗ್ರಾಮ ಪಂಚಾಯಿತಿಗೂ ಒಂದು ಪಾಲು ಬಂತು.