ಮನೆ ಎಲ್ಲಿ? ಯಾವ ಲೈನಿನಲ್ಲಿ?

ಮುಂಬಯಿಯಲ್ಲಿ ಮನೆ ಹುಡುಕುವ ಸಂಸಾರಕ್ಕೆ ಬೆಲೆ ಎಷ್ಟು ಎಂಬುದಕ್ಕಿಂತ ಮೊದಲು ಎದುರಾಗುವ ಪ್ರಶ್ನೆ 'ಯಾವ ಲೈನು?' ಎಂಬುದು. ಬಾಂದ್ರಾ, ಅಂಧೇರಿ, ಬೋರಿವಲಿ, ವಿರಾರ್ ಎಂದರೆ ಪಶ್ಚಿಮ ರೈಲ್ವೆ. ಘಾಟ್ಕೋಪರ್, ಮುಲುಂಡ್, ಠಾಣೆ, ಡೊಂಬಿವಲಿ, ಕಲ್ಯಾಣ ಎಂದರೆ ಮಧ್ಯ ರೈಲ್ವೆ. ಚೆಂಬೂರು, ವಾಶಿ, ಪನವೇಲ್ ಎಂದರೆ ಹಾರ್ಬರ್ ಲೈನು. ಒಮ್ಮೆ ಲೈನು ಗೊತ್ತಾದರೆ ಮಕ್ಕಳ ಶಾಲೆ, ನಂಟರ ಒಡನಾಟ, ಮುಂದೆ ಮಗಳಿಗೆ ನೋಡುವ ನೌಕರಿ ಎಲ್ಲವೂ ಬಹುಮಟ್ಟಿಗೆ ಅದೇ ಹಳಿಯ ಮೇಲೆ ಸಾಗುತ್ತವೆ. ಈ ಆಯ್ಕೆಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

ಮುಂಬಯಿ ದಕ್ಷಿಣೋತ್ತರವಾಗಿ ಚಾಚಿದ ಕಿರಿದಾದ ನೆಲ. ಬಂದರು, ಬ್ಯಾಂಕು, ಸರ್ಕಾರಿ ಕಚೇರಿಗಳು ಬೆಳೆದದ್ದು ದಕ್ಷಿಣದ ತುದಿಯಾದ ಕೋಟೆ ಪ್ರದೇಶದಲ್ಲಿ. ಅದರ ಮೂರು ಕಡೆ ನೀರು. ಜನ ಹೆಚ್ಚಾದಂತೆ ಊರು ಬೆಳೆಯಬಹುದಾಗಿದ್ದ ದಿಕ್ಕು ಉತ್ತರ ಒಂದೇ.

ಹಳಿ ಮೊದಲು, ಊರು ಆಮೇಲೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ದೂರ ಓಡಿದ್ದು ದೇಶದ ಮೊದಲ ಪ್ರಯಾಣಿಕರ ರೈಲು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. 1867ರಲ್ಲಿ ಪಶ್ಚಿಮದ ಹಳಿಯಲ್ಲಿ ವಿರಾರ್‌ನಿಂದ ನಗರಕ್ಕೆ ರೈಲು ಬಂತು. ದಿನವೂ ಕಚೇರಿಗೆ ಹೋಗಿಬರುವವರನ್ನು ನೆನೆದು ಹಾಕಿದ ಹಳಿಗಳಲ್ಲ ಇವು. ದಖ್ಖನ್ ಮತ್ತು ಗುಜರಾತಿನ ಹತ್ತಿ ಬಂದರಿಗೆ ಬರಬೇಕಿತ್ತು. ಕಂಪನಿಗಳ ಕಣ್ಣು ಅದರ ಮೇಲಿತ್ತು. ಆಗ ಸಾಷ್ಟಿ ದ್ವೀಪದ ಉದ್ದಕ್ಕೂ ಇದ್ದದ್ದು ಬತ್ತದ ಗದ್ದೆ, ಉಪ್ಪಿನ ಆಗರ, ಮೀನುಗಾರರ ಹಳ್ಳಿ.

ಜನರನ್ನು ಉತ್ತರಕ್ಕೆ ಎಬ್ಬಿಸಿದ್ದು ಪ್ಲೇಗು. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ರೋಗ ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಬೆಂಕಿಯಂತೆ ಹಬ್ಬಿತು. 1898ರಲ್ಲಿ ನಗರ ಸುಧಾರಣೆಗಾಗಿ ಒಂದು ಟ್ರಸ್ಟ್ ಸ್ಥಾಪನೆಯಾಯಿತು. ಅದು ದಾದರ್, ಮಾಟುಂಗಾ, ಸಯನ್ ಪ್ರದೇಶಗಳಲ್ಲಿ ಅಗಲ ರಸ್ತೆ, ಬಯಲು, ನಿವೇಶನಗಳನ್ನು ರೂಪಿಸಿತು. ದಾದರಿನ ಪಾರ್ಸಿ ಕಾಲೊನಿ, ಹಿಂದೂ ಕಾಲೊನಿ ಈ ಯೋಜನೆಯ ಕೂಸುಗಳು. ಮಾಟುಂಗಾ ದಕ್ಷಿಣ ಭಾರತೀಯರ ನೆಲೆಯಾಯಿತು.

ಬಳಿಕ ವಿದ್ಯುತ್ ಬಂತು. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಲೈನಿನ ಮೂಲಕ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಹೊರಟಿತು. 1928ರಲ್ಲಿ ಪಶ್ಚಿಮದ ಹಳಿಯಲ್ಲಿ ಬೋರಿವಲಿಯವರೆಗೆ ವಿದ್ಯುತ್ ರೈಲು ಓಡಿತು. ಪದೇ ಪದೇ ನಿಂತು ಬೇಗ ಹೊರಡಬಲ್ಲ ಗಾಡಿ ಬಂದ ಮೇಲೆ, ಊರ ಹೊರಗಿದ್ದು ನಗರದಲ್ಲಿ ದುಡಿಯುವುದು ಸಾಮಾನ್ಯ ಗುಮಾಸ್ತನಿಗೂ ಸಾಧ್ಯವಾಯಿತು.

ಬಾಡಿಗೆ ಕಾಯ್ದೆಯ ಕಥೆ

ಎರಡನೆಯ ಮಹಾಯುದ್ಧ ಮತ್ತು ದೇಶ ವಿಭಜನೆಯ ಕಾಲದಲ್ಲಿ ನಗರದ ಜನಸಂಖ್ಯೆ ಉಕ್ಕಿತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ವರ. ಹೊಸದಾಗಿ ಬಂದವರಿಗೆ ಬಾಗಿಲೇ ಮುಚ್ಚಿದಂತಾಯಿತು. ಬಾಡಿಗೆಗೆಂದು ಕಟ್ಟಡ ಕಟ್ಟುವುದರಲ್ಲಿ ಲಾಭ ಕಾಣದೆ ಮಾಲೀಕರು ಕೈಬಿಟ್ಟರು. ಖಾಲಿಯಾದ ಕೋಣೆಗೆ 'ಪಗಡಿ' ಎಂದು ದೊಡ್ಡ ಮೊತ್ತ ಕೇಳುವ ರೂಢಿ ಬಲವಾಯಿತು.

ಪಗಡಿ ಕೊಡಲಾಗದ ಸಂಸಾರಗಳಿಗೆ ಉಳಿದದ್ದು ಉಪನಗರದ ಸಹಕಾರಿ ಸಂಘದ ಫ್ಲ್ಯಾಟು. ಈ ಸಹಕಾರದ ದಾರಿಯನ್ನು ಮುಂಬಯಿಗೆ ತೋರಿದವರಲ್ಲಿ ಕೆನರಾ ಕರಾವಳಿ ಮೂಲದ ಸಾರಸ್ವತ ಸಮಾಜದವರು ಮೊದಲಿಗರು. ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರ ಮುಂದಾಳ್ತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಅವರ ಸಹಕಾರಿ ವಸತಿ ಸಂಘ ನೋಂದಣಿಯಾಗಿತ್ತು.

ನಗರದ ಗಡಿಯೂ ಜನರ ಹಿಂದೆಯೇ ನಡೆಯಿತು. ಬೃಹನ್ಮುಂಬಯಿ ಪಾಲಿಕೆಯ ಮೇರೆ 1950ರಲ್ಲಿ ಒಮ್ಮೆ ವಿಸ್ತರಿಸಿ, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗೆ ಹೋಗಿ ನಿಂತಿತು. ಅದರಾಚೆಗೆ ನೀರು, ರಸ್ತೆ, ಚರಂಡಿಗಳ ಹೊಣೆ ಬೇರೆ ಸ್ಥಳೀಯ ಸಂಸ್ಥೆಗಳದು. ವಸಯಿ-ವಿರಾರ್ ಕಡೆ ಅಗ್ಗದ ಫ್ಲ್ಯಾಟು ಕೊಂಡವರು ವರ್ಷಗಟ್ಟಲೆ ಟ್ಯಾಂಕರ್ ನೀರಿಗೆ ಕಾದರು. 1982ರ ಜನವರಿಯಲ್ಲಿ ಆರಂಭವಾದ ಜವಳಿ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಗಿರಣಗಾಂವ್‌ನ ಚಾಳು ತೊರೆದ ಅನೇಕ ಕುಟುಂಬಗಳೂ ಈ ದೂರದ ನಿಲ್ದಾಣಗಳತ್ತಲೇ ಸಾಗಿದವು.

ಕಿಲೋಮೀಟರ್ ಬೇರೆ, ಗಂಟೆ ಬೇರೆ

ನಕ್ಷೆಯಲ್ಲಿ ಹತ್ತಿರ ಕಂಡದ್ದು ರೈಲಿನಲ್ಲಿ ಹತ್ತಿರವಾಗಬೇಕಿಲ್ಲ. ಮುಲುಂಡ್‌ಗಿಂತ ಠಾಣೆ ಒಂದು ನಿಲ್ದಾಣ ದೂರ. ಆದರೆ ಠಾಣೆಯಲ್ಲಿ ಫಾಸ್ಟ್ ಲೋಕಲ್ ನಿಲ್ಲುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಅನೇಕ ಫಾಸ್ಟ್ ಗಾಡಿಗಳು ಮುಲುಂಡ್‌ನಲ್ಲಿ ನಿಲ್ಲದೆ ಹೋಗುತ್ತವೆ. ಹೀಗಾಗಿ ದೂರದವನು ಮೊದಲು ಕಚೇರಿ ತಲುಪುವುದುಂಟು.

ರೈಲು ಎಲ್ಲಿಂದ ಹೊರಡುತ್ತದೆ ಎಂಬುದೂ ಮುಖ್ಯ. ಚರ್ಚ್‌ಗೇಟಿನಿಂದ ಬೋರಿವಲಿ 34 ಕಿಲೋಮೀಟರ್, ವಿರಾರ್ 60. ವಿರಾರ್‌ನಲ್ಲಿ ಹತ್ತಿದವನಿಗೆ ಕೂರಲು ಜಾಗ ಸಿಗುವ ಆಸೆಯಿದೆ. ಅದೇ ಗಾಡಿಗೆ ಬೋರಿವಲಿಯಲ್ಲಿ ಕಾಲಿಡುವುದೇ ಕಷ್ಟ. ನಾಲಾಸೋಪಾರಾದ ಕೆಲವರು ಸೀಟಿಗಾಗಿ ಮೊದಲು ಹಿಂದಕ್ಕೆ ವಿರಾರ್‌ಗೆ ಹೋಗಿ, ಅಲ್ಲಿಂದ ಮುಂಬಯಿ ಕಡೆಗೆ ಹೊರಡುತ್ತಾರೆ. ಇನ್ನು ಮನೆ ನಿಲ್ದಾಣದ ಪೂರ್ವಕ್ಕೋ ಪಶ್ಚಿಮಕ್ಕೋ, ನಡೆದು ಹೋಗಬಹುದೋ ರಿಕ್ಷಾಕ್ಕೆ ಸರದಿ ನಿಲ್ಲಬೇಕೋ ಎಂಬ ಲೆಕ್ಕ ಬೇರೆ.

ಕನ್ನಡಿಗರ ಲೆಕ್ಕದಲ್ಲಿ ಇನ್ನೆರಡು ಅಂಶ ಸೇರುತ್ತಿದ್ದವು. ಉಡುಪಿ ಹೋಟೆಲಿನಲ್ಲಿ ದುಡಿದು ಅಲ್ಲೇ ಮಲಗುತ್ತಿದ್ದ ಹುಡುಗನಿಗೆ ಉಪನಗರದ ಚಿಂತೆ ಇರಲಿಲ್ಲ. ಊರಿನಿಂದ ಹೆಂಡತಿ ಬಂದ ಮೇಲೆ ಅದು ಶುರು. ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇತ್ತು, ಪಕ್ಕದ ವಡಾಲಾದಲ್ಲಿ ಕನ್ನಡ ಶಾಲೆ ಬಂತು. ಆದರೆ ಅಲ್ಲಿಯ ಬೆಲೆ ಕೈಗೆಟುಕದಾದಾಗ ಜನ ಕನ್ನಡ ಸಂಘಗಳನ್ನು ಜೊತೆಯಲ್ಲೇ ಒಯ್ದು ದೂರದ ನಿಲ್ದಾಣಗಳಲ್ಲಿ ನೆಟ್ಟರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಬಳಿಕ ಕರಾವಳಿಯ ರೈಲು ಹತ್ತಲು ಠಾಣೆ, ಪನವೇಲ್ ಅನುಕೂಲವಾದವು. ಊರಿಗೆ ಹೋಗಿಬರುವ ದಾರಿಯೂ ಮನೆಯ ಬೆಲೆಯಲ್ಲಿ ಸೇರಿಕೊಂಡಿತು.

ಬೆಲೆ ತೆರುವವರು ಯಾರು?

ದೂರದಲ್ಲಿ ಮನೆ ಮಾಡಿದವನು ಉಳಿಸಿದ ಹಣಕ್ಕೆ ಬದಲಾಗಿ ದಿನಕ್ಕೆ ಮೂರು ನಾಲ್ಕು ಗಂಟೆ ಕೊಡುತ್ತಾನೆ. ಆದರೆ ಕೊಡುವವನು ಅವನೊಬ್ಬನೇ ಅಲ್ಲ. ಮುಂಜಾನೆಯ ಗಾಡಿಗೆ ಡಬ್ಬಿ ಸಿದ್ಧವಾಗಬೇಕಾದರೆ ಮನೆಯ ಹೆಂಗಸು ನಸುಕಿಗೆ ಮುಂಚೆ ಏಳಬೇಕು. ಅವಳೂ ನೌಕರಿ ಮಾಡುವವಳಾದರೆ ಡಬ್ಬಿ ಕಟ್ಟಿ ತಾನೂ ಓಡಬೇಕು. 1992ರ ಮೇ ತಿಂಗಳಲ್ಲಿ ಪಶ್ಚಿಮ ರೈಲ್ವೆ ಮಹಿಳೆಯರಿಗೆಂದೇ ಪ್ರತ್ಯೇಕ ಲೋಕಲ್ ಓಡಿಸಲು ಆರಂಭಿಸಿದ್ದು ಇಂಥವರ ಸಂಖ್ಯೆ ಎಷ್ಟು ಬೆಳೆದಿತ್ತು ಎಂಬುದಕ್ಕೆ ಸಾಕ್ಷಿ.

ಬೆಲೆ ಕೆಲವೊಮ್ಮೆ ಪ್ರಾಣವೇ. ದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ ಎಂಬುದು ರೈಲ್ವೆಯವರೇ ಬಳಸುವ ಲೆಕ್ಕ. 2023 ಮತ್ತು 2024, ಎರಡೂ ವರ್ಷ ಹಳಿ ದಾಟುವಾಗ, ಗಾಡಿಯಿಂದ ಬಿದ್ದು, ಇನ್ನಿತರ ಕಾರಣಗಳಿಂದ ಉಪನಗರ ರೈಲು ಮಾರ್ಗದಲ್ಲಿ ಸತ್ತವರು ಎರಡು ಸಾವಿರಕ್ಕೂ ಹೆಚ್ಚು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಕೆಳಗುರುಳಿ ಹಲವರು ಸತ್ತರು. ಆ ಬಾಗಿಲಲ್ಲಿ ನಿಲ್ಲುವ ಅನಿವಾರ್ಯ ಎಷ್ಟೋ ಜನರಿಗೆ ಮನೆಯ ಕರಾರಿಗೆ ಸಹಿ ಹಾಕಿದ ದಿನವೇ ಶುರುವಾಗಿರುತ್ತದೆ.

ಈಚಿನ ದಶಕಗಳಲ್ಲಿ ಲೆಕ್ಕ ಮತ್ತೆ ಕದಲಿದೆ. ಕಚೇರಿಗಳು ಕೋಟೆ ಬಿಟ್ಟು ಬಾಂದ್ರಾ-ಕುರ್ಲಾ ಸಂಕೀರ್ಣ, ಅಂಧೇರಿ, ನವಿ ಮುಂಬಯಿಗೆ ಹೋಗಿವೆ. ಚರ್ಚ್‌ಗೇಟ್‌ನ ನೌಕರಿ ನಂಬಿ ಲೈನು ಆರಿಸಿಕೊಂಡ ತಂದೆಯ ಮಗ ಈಗ ಅಡ್ಡಡ್ಡ ಪಯಣಿಸಬೇಕಾಗಿದೆ. ಎರಡು ಲೈನುಗಳ ನಡುವಿನ ಆ ಕೊರತೆಯನ್ನು 2014ರಲ್ಲಿ ಆರಂಭವಾದ ಘಾಟ್ಕೋಪರ್-ವರ್ಸೋವಾ ಮೆಟ್ರೊ ಸ್ವಲ್ಪ ತುಂಬಿತು. 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗಿನ ಸುರಂಗ ಮಾರ್ಗ ಪೂರ್ಣಗೊಂಡಿತು. ಆದರೂ ಮೆಟ್ರೊ ನಿಲ್ದಾಣ ಬರುವ ಮೊದಲೇ ಅದರ ಆಸುಪಾಸಿನ ಮನೆಗಳ ಬೆಲೆ ಏರಿರುತ್ತದೆ. ಸಾಧಾರಣ ಸಂಬಳದ ಸಂಸಾರಕ್ಕೆ ಉಳಿಯುವುದು ಇನ್ನೊಂದು ನಿಲ್ದಾಣ ಮುಂದಿನ ಮನೆ.