ಮೊಹಾವಿಯ ಗಾಲಿಜಾಡುಗಳು: ನೆಲ, ನಕ್ಷೆ ಮತ್ತು ಸವಾರನ ಕಣ್ಣು

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಬೈಕು, ಜೀಪು, ಮರಳು ಬಗ್ಗಿಗಳ ಓಡಾಟಕ್ಕೂ ಸರ್ಕಾರಿ ನೆಲದ ರಕ್ಷಣೆಗೂ ಇರುವ ತಿಕ್ಕಾಟ ಅರ್ಧ ಶತಮಾನ ದಾಟಿದೆ. ಯಾರ ಹಕ್ಕು ದೊಡ್ಡದು ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಈ ಟಿಪ್ಪಣಿಯ ಗಮನ ಜಾಡಿನ ಮೇಲೆ. ಒಮ್ಮೆ ಮೂಡಿದ ಗಾಲಿಜಾಡು ಮುಂದಿನ ಸವಾರನಿಗೆ ದಾರಿಯಂತೆ ಕಾಣುತ್ತದೆ. ಕಾಲ ಸರಿದಂತೆ ಕಚೇರಿಯ ನಕ್ಷೆಗೂ ದಾರಿಯೇ ಆಗಿಬಿಡುತ್ತದೆ.

ಮೊದಲು ನೆಲವನ್ನು ಹತ್ತಿರದಿಂದ ನೋಡಬೇಕು. ಮೊಹಾವಿಯ ಹಳೆಯ ಬಯಲುಗಳಲ್ಲಿ ಒತ್ತೊತ್ತಾಗಿ ಹೊಂದಿಕೊಂಡ ಕಲ್ಲುಚೂರುಗಳ ಒಂದೇ ಪದರವಿರುತ್ತದೆ. ಒಂದು ಚೂರನ್ನು ಎತ್ತಿದರೆ ಅಡಿಯಲ್ಲಿ ಸಣ್ಣ ಗಾಳಿಗುಳ್ಳೆಗಳಿರುವ ನುಣ್ಣನೆಯ ಮಣ್ಣು ಸಿಗುತ್ತದೆ. ಬೇರೆ ಕಡೆಗಳಲ್ಲಿ ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಕಣಕಣವನ್ನೂ ಹಿಡಿದಿಟ್ಟ ತೆಳ್ಳನೆಯ ಹಕ್ಕಳೆ ಇರುತ್ತದೆ. ಮಣ್ಣು ಗಾಳಿಗೆ ಹಾರದಂತೆ ಕಾಯುವುದು ಇವೇ. ಗಾಲಿ ಹರಿದಾಗ ಹಕ್ಕಳೆ ಪುಡಿಯಾಗುತ್ತದೆ, ಅಡಿಮಣ್ಣು ಗಟ್ಟಿಯಾಗುತ್ತದೆ, ಅಪರೂಪಕ್ಕೆ ಬಿದ್ದ ಮಳೆಯೂ ಇಂಗದೆ ಹರಿದುಹೋಗುತ್ತದೆ. ನೂರನೆಯ ಗಾಡಿಗಿಂತ ಮೊದಲ ಕೆಲವು ಗಾಡಿಗಳೇ ಮಣ್ಣನ್ನು ಹೆಚ್ಚು ಬಿಗಿಯಾಗಿಸುತ್ತವೆ. ಹಾಗಾಗಿ ‘ಒಂದೇ ಸಲ ಹೋಗಿಬಂದೆ’ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ವಾಸಿಯಾಗಲು ಹಿಡಿಯುವ ಕಾಲಕ್ಕೆ ಒಂದು ಅಳತೆಗೋಲೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಜನರಲ್ ಪ್ಯಾಟನ್ 1942ರಲ್ಲಿ ಇಲ್ಲಿ ತೆರೆದ ತರಬೇತಿ ಕೇಂದ್ರ 1944ರಲ್ಲಿ ಮುಚ್ಚಿತು; ಅದರ ಟ್ಯಾಂಕುಗಳ ಜಾಡು ಕೆಲವೆಡೆ ಇನ್ನೂ ಅಳಿಸಿಲ್ಲ.

ಇನ್ನು ಆಮೆ. ಮರುಭೂಮಿ ಆಮೆ ಬದುಕಿನ ಬಹುಪಾಲನ್ನು ಬಿಲದೊಳಗೆ ಕಳೆಯುತ್ತದೆ. ಗಾಲಿಯ ಭಾರಕ್ಕೆ ಬಿಲ ಕುಸಿದರೆ ಅದು ಒಳಗೇ ಸಿಕ್ಕಿಬೀಳುತ್ತದೆ. ಮೊಹಾವಿಯ ಆಮೆಯನ್ನು 1990ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ರೋಗ, ಕಾಗೆಗಳ ಹಾವಳಿ, ಹೆದ್ದಾರಿಗಳೂ ಇದಕ್ಕೆ ಕಾರಣವೆಂಬುದನ್ನು ಮರೆತು ಸವಾರರ ಮೇಲೆ ಮಾತ್ರ ಹೊರೆ ಹಾಕುವುದು ನ್ಯಾಯವಲ್ಲ.

ಕಾನೂನೇನೂ ಸುಮ್ಮನಿರಲಿಲ್ಲ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ 11644ನೇ ಆದೇಶ, ಮಣ್ಣಿಗೂ ವನ್ಯಜೀವಿಗಳಿಗೂ ಹಾನಿ ಆದಷ್ಟು ಕಡಿಮೆಯಾಗುವಂತೆ ದಾರಿಗಳನ್ನು ಗೊತ್ತುಮಾಡಬೇಕೆಂದಿತು. ಬಾರ್‌ಸ್ಟೋದಿಂದ ಲಾಸ್ ವೇಗಸ್‌ವರೆಗಿನ 1974ರ ಬೈಕ್ ಓಟದಲ್ಲಿ ಸುಮಾರು 3,000 ಬೈಕುಗಳು ಹೊರಟವು. ಮರುವರ್ಷ ಅದಕ್ಕೆ ಅನುಮತಿ ಸಿಗಲಿಲ್ಲ. 1976ರ ಕಾಯ್ದೆಯಿಂದ 2.5 ಕೋಟಿ ಎಕರೆಯ ಮರುಭೂಮಿ ಸಂರಕ್ಷಣಾ ಪ್ರದೇಶ ರೂಪುಗೊಂಡಿತು. ಅಲ್ಲಿನ ಸರ್ಕಾರಿ ಜಮೀನಿನ ದೊಡ್ಡ ಪಾಲನ್ನು ನೋಡಿಕೊಳ್ಳುವ ಭೂ ನಿರ್ವಹಣಾ ಬ್ಯೂರೋ 1980ರ ಯೋಜನೆಯಲ್ಲಿ ಕೆಲವು ಕಡೆ ವಾಹನಗಳಿಗೆ ಪೂರ್ತಿ ಬಿಟ್ಟಿತು, ಕೆಲವು ಕಡೆ ಪೂರ್ತಿ ಮುಚ್ಚಿತು, ಉಳಿದೆಡೆ ಇದ್ದ ದಾರಿಗಳಿಗಷ್ಟೇ ಮಿತಿಗೊಳಿಸಿತು. ‘ಇದ್ದ ದಾರಿ’ ಯಾವುದು? ತೊಡಕು ಶುರುವಾದದ್ದು ಇಲ್ಲೇ. ಪಶ್ಚಿಮ ಮೊಹಾವಿಗೆಂದು ಬ್ಯೂರೋ ಮುಂದೆ ಒಪ್ಪಿದ 5,000 ಮೈಲಿಗೂ ಹೆಚ್ಚಿನ ದಾರಿಜಾಲವನ್ನು 2009ರಲ್ಲಿ ಫೆಡರಲ್ ನ್ಯಾಯಾಲಯ ದೋಷಪೂರ್ಣವೆಂದಿತು. 1980ರ ನಂತರ ಹುಟ್ಟಿದ ಜಾಡುಗಳೂ ಅದರಲ್ಲಿ ಸೇರಿದ್ದವು. ನಿಯಮ ಮೀರಿ ಮೂಡಿದ ಜಾಡಿಗೆ ನಿಯಮವೇ ಮುದ್ರೆಯೊತ್ತಿದ್ದು ಈ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ.

ಆದ್ದರಿಂದ ಬೇಲಿ, ಫಲಕಗಳಿಗಿಂತ ನನಗೆ ಮುಖ್ಯವೆನಿಸುವುದು ಸದ್ದಿಲ್ಲದೆ ನಡೆಯುವ ಒಂದು ಸಣ್ಣ ಕೆಲಸ. ಕಳ್ಳದಾರಿಯು ಅನುಮತಿಯಿರುವ ದಾರಿಯಿಂದ ಕವಲೊಡೆಯುವ ಜಾಗದಲ್ಲಿ ಕೆಲಸಗಾರರೂ ಸ್ವಯಂಸೇವಕರೂ ಗುಂಡಿ ತೋಡಿ ಒಣಗಿದ ಪೊದೆಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಗಟ್ಟಿ ನೆಲವನ್ನು ಕೆದಕುತ್ತಾರೆ, ಕಲ್ಲುಗಳನ್ನು ಅಲ್ಲಲ್ಲಿ ಚೆದುರುತ್ತಾರೆ. ಇಡೀ ಜಾಡನ್ನು ಮುಚ್ಚಬೇಕಿಲ್ಲ. ಸವಾರನ ಕಣ್ಣಿಗೆ ಬೀಳುವ ಮೊದಲ ತುಣುಕು ಸುತ್ತಲಿನ ಬಯಲಿನಲ್ಲಿ ಬೆರೆತುಹೋದರೆ ಆತ ಅತ್ತ ತಿರುಗುವುದಿಲ್ಲ. ಒಳಗಿನ ನೆಲಕ್ಕೆ ತನ್ನಷ್ಟಕ್ಕೆ ಮಾಯಲು ಬಿಡುವು ಸಿಗುತ್ತದೆ. ನೆಟ್ಟ ಒಣಪೊದೆ ಗಾಳಿ ತಂದ ಬೀಜವನ್ನೂ ಮಣ್ಣನ್ನೂ ತಡೆದು ಬುಡದಲ್ಲಿ ಇರಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ದುರಸ್ತಿಗೆ ಅನುದಾನ ಕೊಡುವ ರಾಜ್ಯ ನಿಧಿಗೆ ಹಣ ಬರುವುದು ಇಂಧನ ತೆರಿಗೆಯ ಒಂದು ಪಾಲಿನಿಂದ ಮತ್ತು ಈ ವಾಹನಗಳ ನೋಂದಣಿ ಶುಲ್ಕದಿಂದ. ಸವಾರರನ್ನು ಬರೀ ಎದುರಾಳಿಗಳೆಂದು ಕಾಣುವವರು ಇದನ್ನು ಗಮನಿಸಬೇಕು.

ಜಾನ್ಸನ್ ವ್ಯಾಲಿಯಂಥ ಬಯಲುಗಳನ್ನು 2019ರ ಕಾಯ್ದೆ ವಾಹನ ವಿಹಾರಕ್ಕೆಂದೇ ಗುರುತಿಸಿದೆ. ಅದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಉಳಿದ ಕಡೆ ಕಾವಲು ಫಲ ಕೊಡುತ್ತಿದೆಯೇ ಎಂದು ಅಳೆಯುವಾಗ ನೆಟ್ಟ ಫಲಕಗಳನ್ನೂ ವಿಧಿಸಿದ ದಂಡಗಳನ್ನೂ ಎಣಿಸಿದರೆ ಸಾಲದು. ಅನುಮತಿಯಿರುವ ದಾರಿಯಲ್ಲಿ ನಿಂತವರಿಗೆ ಎಷ್ಟು ಹೊಸ ಕವಲುಗಳು ಕಾಣುತ್ತವೆ ಎಂಬ ಎಣಿಕೆ ವರ್ಷವರ್ಷವೂ, ಅದದೇ ಜಾಗಗಳಲ್ಲಿ ನಡೆಯಬೇಕು.